ಒಂಬತ್ತನೇ ಮಹಡಿಯ ಕಲೆಗಾರ

"ಇನ್ನು ಮುಂದೆ ಈ ಮನೆಯಲ್ಲಿ ತೂಕವಿಲ್ಲದ ಪುಸ್ತಕ ಒಂದೂ ಇರಕೂಡದು!"

ತೂಕದ ಸಾಹೇಬರು ಬೆಳಗಿನ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಈ ಭೀಷಣ ಶಪಥ ಮಾಡಿದಾಗ, ಕಾಫಿ ಅರ್ಧ ಮೇಜಿಗೂ ಅರ್ಧ ಅವರ ಬಿಳಿ ಅಂಗಿಗೂ ಹಂಚಿಹೋಯಿತು. ಶಪಥ ಮಾಡುವವರು ಅಂಗಿಯ ಚಿಂತೆ ಮಾಡಬಾರದು. ಅವರೂ ಮಾಡಲಿಲ್ಲ. ಒಗೆಯುವವರು ಬೇರೆ ಇದ್ದರು.

ಎಲ್ಲರೂ ಅವರನ್ನು ತೂಕದ ಸಾಹೇಬರು ಅನ್ನುವುದು ಮೈತೂಕ ನೋಡಿ ಅಲ್ಲ. (ಅದೂ ಕಡಿಮೆಯೇನಿಲ್ಲ, ಆ ಮಾತು ಬಿಡಿ.) ಅವರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ನೆಟ್ಟಗಿದೆಯೋ, ತೂಕದ ಕಲ್ಲು ಸರಿಯಿದೆಯೋ ನೋಡಿ ಮುದ್ರೆ ಒತ್ತುವುದು ಅವರ ಕಾಯಕ. ಹಗಲೆಲ್ಲ ತೂಗಿ ತೂಗಿ ಆ ಚಟ ಮನೆಗೂ ಬಂದಿತ್ತು. ಯಾವ ಪುಸ್ತಕ ಕೈಗೆ ಸಿಕ್ಕರೂ ಮೊದಲು ಅಂಗೈ ಮೇಲಿಟ್ಟು ಮೇಲಕ್ಕೂ ಕೆಳಕ್ಕೂ ಆಡಿಸುವರು. ಅಂಗೈ ಕುಸಿದರೆ ಸಾಹಿತ್ಯ, ಕುಸಿಯದಿದ್ದರೆ ಕಸ!

ಅವತ್ತು ಶಪಥಕ್ಕೆ ಗುರಿಯಾದದ್ದು ಹೆಂಡತಿಯ ಕಪಾಟು. ಅದು ಇದ್ದದ್ದು ಹಾಲ್‌ನಲ್ಲಿ, ಬಾಗಿಲು ತೆರೆದವರ ಕಣ್ಣಿಗೆ ನೇರವಾಗಿ ರಾಚುವಂತೆ. ಅದರ ತುಂಬ ಪತ್ತೇದಾರಿ ಕಾದಂಬರಿಗಳು. ಹೆಂಡತಿ ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟು. ಬೆಳಗಿನಿಂದ ಔಷಧಿ ಕೊಟ್ಟು ಜನರನ್ನು ಬದುಕಿಸಿದ ಆಕೆಗೆ ಊಟದ ಹೊತ್ತಿಗೆ ಒಂದಿಬ್ಬರಾದರೂ ಸಾಯದಿದ್ದರೆ ಸಮಾಧಾನವಿರಲಿಲ್ಲ.

"ಭಾನುವಾರ ಸಂಜೆ ಓದುಗರ ಬಳಗ ನಮ್ಮನೇಲೇ ಸೇರೋದು. ಹೆಡ್‌ಮಾಸ್ಟರು ಬರ್ತಾರೆ. ಅವರ ಮಂಡಿನೋವು ಜಾಸ್ತಿಯಾಗಿದೆ, ಹೊಸ ಕಾರ್ಯದರ್ಶಿ ಯಾರು ಅಂತ ಅವತ್ತೇ ತೀರ್ಮಾನ. ಅಂಥಾ ಹೊತ್ತಲ್ಲಿ ಈ ಕಪಾಟು ಅವರ ಕಣ್ಣಿಗೆ ಬಿದ್ರೆ ನನ್ನ ಗತಿ ಏನು? ಎಲ್ಲಿ ನೋಡಿದ್ರೂ ಚೂರಿ, ರಕ್ತ, ಕಿರುಚೋ ಹೆಂಗಸರು!"

"ಕಿರುಚೋ ಹೆಂಗಸರು ಕಪಾಟಿನೊಳಗಿದ್ದಾರಲ್ಲ, ಅದಕ್ಕೆ ಸಂತೋಷಪಡಿ," ಎಂದಳು ಹೆಂಡತಿ. "ಹೊರಗಿರೋಳು ಇನ್ನೂ ಶುರುಮಾಡಿಲ್ಲ."

"ಗುಜರಿಯವನಿಗೆ ಹೇಳಿ ಆಗಿದೆ. ಭಾನುವಾರ ಎಲ್ಲ ಒಯ್ದುಬಿಡ್ತಾನೆ. ಅವನು ಬರೋತನಕ ಕಪಾಟಿಗೆ ಒಂದು ಬೆಡ್‌ಶೀಟ್ ಹೊದಿಸು. ಒಂದು ಪುಸ್ತಕಾನೂ ಹೊರಗೆ ತೆಗೀಬೇಡ."

ಹೆಂಡತಿಯ ಮುಖ ಸಣ್ಣಗಾಯಿತು. ಸಾಹೇಬರಿಗೆ ಅದು ಕಾಣಲಿಲ್ಲ. ಅವರಿಗೆ ಕಾಣಬೇಕಾದರೆ ಯಾವುದಕ್ಕಾದರೂ ಕನಿಷ್ಠ ಅರ್ಧ ಕಿಲೋ ತೂಕವಿರಬೇಕಿತ್ತು.

"ಅತ್ತೆಗೆ ಏನು ಓದಿಹೇಳ್ಲಿ ಮತ್ತೆ?" ಎಂದಳು ಮೆಲ್ಲಗೆ.

ಇದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. ಸಾಹೇಬರ ತಾಯಿಗೆ ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. ಸೊಸೆ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅತ್ತೆಯ ಮಂಚದ ಪಕ್ಕ ಕೂತು ಒಂದು ಅಧ್ಯಾಯ ಓದಿ ಹೇಳುವಳು. ಅತ್ತೆ ಬೆಳಗ್ಗೆ ಎದ್ದ ಕೂಡಲೇ, "ಇವತ್ತು ಯಾರ ಸರದಿಯೇ?" ಎಂದು ಕೇಳುವಳು. ಇಬ್ಬರಿಗೂ ದಿನದ ಸುಖವೆಂದರೆ ಅದೇ. ಬೇರೆ ಮನೆಗಳಲ್ಲಿ ಅತ್ತೆ ಸೊಸೆ ಒಬ್ಬರನ್ನೊಬ್ಬರು ಮುಗಿಸಲು ನೋಡುತ್ತಾರಂತೆ. ಇಲ್ಲಿ ಇಬ್ಬರೂ ಸೇರಿ ಮೂರನೆಯವರನ್ನು ಮುಗಿಸಿ ಹಾಯಾಗಿದ್ದರು.

"ತೂಕದ್ದೇನಾದ್ರೂ ಓದು," ಎಂದರು ಸಾಹೇಬರು.

ಒಳಗಿನಿಂದ ತಾಯಿಯ ದನಿ ಬಂತು. "ನಿನ್ನ ಆ ಇಟ್ಟಿಗೆ ಪುಸ್ತಕ ಓದಿದ್ಳಪ್ಪಾ ಒಂದಿನ! ಅಷ್ಟು ಪುಟ ಮಗುಚಿದ್ರೂ ಒಬ್ಬನೂ ಸಾಯ್ಲಿಲ್ಲ!"

"ಅಮ್ಮಾ, ಅದು ಬದುಕಿನ ಬಗ್ಗೆ ಇರೋ ಕಾದಂಬರಿ."

"ಇರ್ಬೋದು. ಕೇಳೋಳು ನಾನು ಸಾಯೋ ಹಾಗಾಗಿದ್ದೆ!"

ಹಾಗೆಂದು ಸಾಹೇಬರು ತಮ್ಮ ಇಟ್ಟಿಗೆಗಳನ್ನೆಲ್ಲ ಓದಿ ಅರಗಿಸಿಕೊಂಡವರು ಎಂದು ಯಾರೂ ತಪ್ಪು ತಿಳಿಯಬಾರದು. ಪ್ರತಿ ಗ್ರಂಥದ ಆರಂಭದಲ್ಲೂ ಒಂದು ಬಸ್ ಟಿಕೆಟ್ಟು ಗುರುತಿಗೆ ನಿಂತಿತ್ತು. ಅಲ್ಲಿಂದ ಮುಂದಕ್ಕೆ ಬಸ್ಸೂ ಹೋಗಿರಲಿಲ್ಲ, ಸಾಹೇಬರೂ ಹೋಗಿರಲಿಲ್ಲ. ಪುಸ್ತಕ ಎದೆಯ ಮೇಲಿಟ್ಟು ಕಣ್ಣು ಮುಚ್ಚಿದಾಗ ಯಾರಾದರೂ ಕೇಳಿದರೆ, "ಮನನ ಮಾಡ್ತಿದ್ದೀನಿ" ಎನ್ನುವರು. ಅವರ ಮನನ ಪಕ್ಕದ ಮನೆಯವರೆಗೆ ಕೇಳಿಸುತ್ತಿತ್ತು.

ಬೆಡ್‌ಶೀಟು ಹೊದಿಸಿದ್ದಾಯಿತು. ಕಪಾಟು ಈಗ ಹೆಣದ ಹಾಗೆ ಕಾಣತೊಡಗಿ ಹಾಲ್‌ಗೇ ಪತ್ತೇದಾರಿ ಕಳೆ ಬಂತು. ಅದೇ ಸಂಜೆ ಹೆಂಡತಿ ಲೈಬ್ರರಿಯಿಂದ ಒಂದು ಪುಸ್ತಕ ತಂದಳು. ಸಾಹೇಬರು ಅಭ್ಯಾಸಬಲದಿಂದ ಕಸಿದುಕೊಂಡು ಅಂಗೈ ಮೇಲೆ ಆಡಿಸಿದರು. ಅಂಗೈ ಕುಸಿಯಿತು! ಲೈಬ್ರರಿಯವರು ಹರಿದ ಪುಸ್ತಕಕ್ಕೆ ದಪ್ಪ ರಟ್ಟು ಹಾಕಿ, ಕಪ್ಪು ಬಟ್ಟೆಯ ಹೊಸ ಬೈಂಡು ಮಾಡಿಸಿದ್ದರು. ಹಳೆಯ ರಕ್ಷಾಪುಟವೂ ಇಲ್ಲ, ಒಳಗಿನ ಶೀರ್ಷಿಕೆಯ ಹಾಳೆಯೂ ಇಲ್ಲ. ಬೆನ್ನಿನ ಮೇಲೆ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಹೀಗಿತ್ತು: ಒಂಬತ್ತನೇ ಮಹಡಿಯ ಕಲೆಗಾರ.

"ಆಹಾ!" ಎಂದರು ಸಾಹೇಬರು. "ಕೊನೆಗೂ ನಿನಗೆ ಬುದ್ಧಿ ಬಂತಲ್ಲ! ಕಲೆಗಾರ! ಅದೂ ಒಂಬತ್ತನೇ ಮಹಡಿ! ಯಾಕೆ ಒಂಬತ್ತು, ಗೊತ್ತಾ? ನವರಸ! ಒಂಬತ್ತನೇದು ಶಾಂತರಸ. ಕಲಾವಿದ ಒಂದೊಂದೇ ರಸ ಹತ್ತಿಕೊಂಡು ಹೋಗಿ ಶಾಂತಿಯ ಮಹಡಿ ಮುಟ್ಟೋ ಕಥೆ!"

"ರೀ, ಅದು ಹಾಗಲ್ಲ. ನಾನು ಹಿಂದೆ ಒಂದ್ಸಲ ಓದಿದ್ದೀನಿ, ಅತ್ತೆಗೆ ಓದಿಹೇಳೋಣ ಅಂತ ತಂದೆ. ಅದು..."

"ನೀನು ಏನೂ ಹೇಳ್ಬೇಡ. ಇಂಥ ಪುಸ್ತಕಕ್ಕೆ ಸಂಸ್ಕಾರ ಬೇಕು. ಭಾನುವಾರ ಬಳಗದಲ್ಲಿ ನಾನು ಇದರ ಮೇಲೇ ಮಾತಾಡ್ತೀನಿ!"

ಹೆಂಡತಿ ಪುಸ್ತಕದ ಬೆನ್ನು ನೋಡಿದಳು. ಬೈಂಡು ಮಾಡಿದವನು ಅಕ್ಷರ ಒತ್ತುವಾಗ ಕೈತಪ್ಪಿ ಒಂದು ಒತ್ವ ಬೀಳಿಸಿದ್ದ. ಅದು ಕಲೆಗಾರ ಅಲ್ಲ, ಕೊಲೆಗಾರ! ಹೇಳಲೆಂದು ತೆರೆದ ಬಾಯಿಯನ್ನು ಆಕೆ ಹಾಗೇ ಮುಚ್ಚಿಕೊಂಡಳು. ಬೆಡ್‌ಶೀಟ್ ಹೊದ್ದ ಕಪಾಟಿನ ಕಡೆ ಒಮ್ಮೆ ನೋಡಿ, "ಓದಿ ಓದಿ, ಕಲೆ ಅಂದ್ರೆ ನಿಮ್ಮಂಥೋರೇ ಓದ್ಬೇಕು," ಎಂದು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು.

ಪುಸ್ತಕದ ಮೊದಲ ಸಾಲು ಹೀಗಿತ್ತು: "ಒಂಬತ್ತನೇ ಮಹಡಿಯ ಸ್ನಾನದ ತೊಟ್ಟಿಯಲ್ಲಿ ಸಿರಿವಂತ ವರ್ತಕನ ಹೆಣ ತೇಲುತ್ತಿತ್ತು."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಗುಟ್ಟು ರಟ್ಟಾಗುತ್ತಿತ್ತು. ಸಾಹೇಬರು ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. "ನೋಡಿದ್ಯಾ?" ಎಂದು ಹೆಂಡತಿಯನ್ನು ಕರೆದರು. "ಹೆಣ ಅಂದ್ರೆ ಹೆಣ ಅಲ್ಲ! ಸಿರಿಯ ಮೋಹ ಸತ್ತು ತೇಲ್ತಾ ಇದೆ. ಸ್ನಾನದ ತೊಟ್ಟಿ ಅಂದ್ರೆ ಸಂಸಾರ. ಎಂಥ ಪ್ರತಿಮೆ!"

"ಹೌದಾ? ತಲೆ ಹಿಂದೆ ಪೆಟ್ಟು ಬಿದ್ದಿತ್ತಂತಲ್ಲ?"

"ಜ್ಞಾನ ಅನ್ನೋದು ಹಿಂದಿನಿಂದಲೇ ಹೊಡೆಯೋದು!"

ಒಳಗೆ ಪುಟಪುಟಕ್ಕೂ 'ಕೊಲೆಗಾರ' ಎಂದು ಸರಿಯಾಗಿಯೇ ಅಚ್ಚಾಗಿತ್ತು. ಸಾಹೇಬರು ಅದನ್ನು ಮುದ್ರಣದೋಷವೆಂದು ತೀರ್ಮಾನಿಸಿ, ಅಚ್ಚಿನವರ ಬೇಜವಾಬ್ದಾರಿಗೆ ಶಾಪ ಹಾಕುತ್ತ, ಮನಸ್ಸಿನಲ್ಲೇ ಒತ್ವ ತೆಗೆದು ಓದಿಕೊಂಡರು!

ಆದರೆ ಒಂದು ವಿಚಿತ್ರ ನಡೆಯಿತು. ಬಸ್ ಟಿಕೆಟ್ಟು ಇಡುವ ಪುಟ ಬಂತು, ಹೋಯಿತು. ಸಾಹೇಬರಿಗೆ ಗೊತ್ತೇ ಆಗಲಿಲ್ಲ! ಮನನವೂ ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವರು ಒಂದು ಪುಸ್ತಕವನ್ನು ಎಚ್ಚರವಾಗಿದ್ದು ಓದುತ್ತಿದ್ದರು. ಬಚ್ಚಲಿಗೆ ಹೋದರೂ ಪುಸ್ತಕ, ಬಸ್ಸಿನಲ್ಲಿ ನಿಂತರೂ ಪುಸ್ತಕ. ಹಲ್ಲುಜ್ಜುತ್ತ ಓದಿ ಬ್ರಷ್ಷಿಗೆ ಶೇವಿಂಗ್ ಕ್ರೀಮು ಹಚ್ಚಿಕೊಂಡರು. ಇದೆಲ್ಲ ಸಾಹಿತ್ಯದ ಮಹಿಮೆ ಎಂದು ಅವರ ಬಾಯಲ್ಲಿ ನೊರೆಯ ಸಮೇತ ಉದ್ಗಾರ ಬಂತು.

ಕೆಲಸದ ಮೇಲೂ ಇದರ ಪರಿಣಾಮವಾಯಿತು. ದಿನಸಿ ಅಂಗಡಿಯೊಳಗೆ ನುಗ್ಗಿದವರು "ತಕ್ಕಡಿ ಎಲ್ಲಿ?" ಎಂದು ಕೇಳುವ ಬದಲು, ಕಣ್ಣು ಕಿರಿದು ಮಾಡಿ, "ನಿನ್ನೆ ಸಂಜೆ ನೀವೆಲ್ಲಿದ್ರಿ?" ಎಂದುಬಿಟ್ಟರು! ಅಂಗಡಿಯವನು ಬೆವೆತ.

"ಸಾರ್... ಅಂಗಡೀಲೇ ಇದ್ದೆ ಸಾರ್."

"ಸಾಕ್ಷಿ?"

"ಸಾರ್, ತಪ್ಪಾಯ್ತು ಸಾರ್! ತಟ್ಟೆ ಕೆಳಗೆ ಮೇಣ ಅಂಟಿಸಿದ್ದು ನಾನೇ! ಯಾರು ಹೇಳಿದ್ರು ಸಾರ್ ನಿಮಗೆ?"

ಪಕ್ಕದ ಅಂಗಡಿಯವನು ಇದನ್ನು ಕೇಳಿ, ಯಾರೂ ಕೇಳುವ ಮೊದಲೇ ತನ್ನ ಟೊಳ್ಳು ತೂಕದ ಕಲ್ಲನ್ನು ತಂದು ಸಾಹೇಬರ ಕೈಗಿಟ್ಟ. ಆಫೀಸಿನಲ್ಲಿ ಸಾಹೇಬರ ಹೆಸರು ಒಂದೇ ದಿನಕ್ಕೆ ಏರಿತು. "ಇದೆಲ್ಲ ಕಲೆಯ ಪ್ರಭಾವ," ಎಂದು ಅವರು ಸಹೋದ್ಯೋಗಿಗಳ ಮುಂದೆ ಕಾಲರು ಸರಿಮಾಡಿಕೊಂಡರು.

ಒಂದು ಸಂಜೆ ಹೆಂಡತಿ ಕಾಫಿ ಬೆರೆಸುತ್ತಿದ್ದಾಗ ಹಿಂದೆ ಬಂದು ನಿಂತು ಪಿಸುಗುಟ್ಟಿದರು. "ಲೇ, ನೀನು ಔಷಧಿ ಓದಿದೋಳು. ವಿಷ ಕಾಫೀಲಿ ಹಾಕಿದ್ರೆ ವಾಸನೆ ಗೊತ್ತಾಗುತ್ತಾ?"

ಹೆಂಡತಿ ಚಮಚ ಕೆಳಗಿಟ್ಟಳು. "ಯಾರ ಕಾಫೀಲಿ?"

"ಸುಮ್ನೆ ಕೇಳ್ದೆ. ಸೌಂದರ್ಯಶಾಸ್ತ್ರದ ದೃಷ್ಟಿಯಿಂದ."

"ಸೌಂದರ್ಯಶಾಸ್ತ್ರದ ದೃಷ್ಟಿಯಿಂದ, ಈ ಲೋಟ ನೀವು ಮೊದಲು ಕುಡೀರಿ!"

ಇತ್ತ ತಾಯಿ ಮುನಿಸಿಕೊಂಡಿದ್ದಳು. ಮಧ್ಯಾಹ್ನದ ಅಧ್ಯಾಯ ನಿಂತುಹೋಗಿತ್ತು. ಸೊಸೆ ಊಟಕ್ಕೆ ಬಂದು ಬರಿಗೈಯಲ್ಲಿ ಮಂಚದ ಪಕ್ಕ ಕೂರುವಳು. "ನನ್ನ ಹೆಣಗಳನ್ನೆಲ್ಲ ಕಿತ್ಕೊಂಡ್ನಲ್ಲೇ ನನ್ನ ಮಗ," ಎಂದು ಮುದುಕಿ ನಿಟ್ಟುಸಿರುಬಿಟ್ಟಾಗ ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಕೆಗೆ ನಿಜವಾಗಿಯೂ ಅಳು ಬಂತು. ಪುಸ್ತಕ ಹೋದರೆ ಮತ್ತೊಂದು ತರಬಹುದು, ಆದರೆ ಸೊಸೆ ಬರುವ ಹೊತ್ತಿಗೆ ಕಿವಿ ನೆಟ್ಟಗೆ ಮಾಡಿ ಎದ್ದು ಕೂರುತ್ತಿದ್ದ ಅತ್ತೆ ಈಗ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು.

ಭಾನುವಾರ ಬಂದೇಬಿಟ್ಟಿತು. ಸಾಹೇಬರು ಮಧ್ಯಾಹ್ನವೇ ಬಚ್ಚಲು ಸೇರಿ ಚಿಲಕ ಹಾಕಿಕೊಂಡಿದ್ದರು. ಕಥೆ ತುದಿಗೆ ಬಂದಿತ್ತು. ಕಾರಿನ ಡ್ರೈವರು, ಎರಡನೇ ಹೆಂಡತಿ, ವಕೀಲ, ಸಂಗೀತದ ಮೇಷ್ಟ್ರು, ಎಲ್ಲರನ್ನೂ ಒಂದೇ ಕೋಣೆಗೆ ಕರೆಸಿ ಬಾಗಿಲು ಹಾಕಿದ ಪತ್ತೇದಾರ, "ಕೊಂದ ಆ ಕೈ ಯಾರದ್ದೆಂದರೆ..." ಎಂದು ಬಾಯಿ ತೆರೆದಿದ್ದ. ಉಳಿದದ್ದು ಕೊನೆಯ ಅಧ್ಯಾಯ ಮಾತ್ರ. ಆಗ ಹೆಂಡತಿ ಬಚ್ಚಲ ಬಾಗಿಲು ದಬದಬ ಬಡಿದಳು.

"ರೀ, ಹೆಡ್‌ಮಾಸ್ಟರು ಬಂದ್ರು! ಬಳಗದವರೆಲ್ಲ ಬಂದ್ರು!"

ಸಾಹೇಬರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಬಂದರು. ನಿವೃತ್ತ ಹೆಡ್‌ಮಾಸ್ಟರು ಬಳಗದ ಸ್ಥಾಪಕರು. ಅವರು ಹೂಂ ಎಂದರೆ ಆ ಪುಸ್ತಕ ಉತ್ತಮ, ಉಹೂಂ ಎಂದರೆ ಲೇಖಕನಿಗೆ ಉಳಿಗಾಲವಿಲ್ಲ. ಅವರು ಮಂಡಿ ಚಾಚಿಕೊಂಡು ದೊಡ್ಡ ಕುರ್ಚಿಯಲ್ಲಿ ಆಸೀನರಾಗಿದ್ದರು. ಅವರ ಪಕ್ಕ ಬ್ಯಾಂಕಿನ ಕ್ಯಾಷಿಯರಮ್ಮ, ಸುತ್ತ ಉಳಿದ ಸದಸ್ಯರು.

ಸಾಹೇಬರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು ನೋಡಿ! ಲಿಫ್ಟ್ ಎಂದರೆ ಮನುಷ್ಯನ ಏರುವ ಆಸೆ, ಅದು ನಡುವೆ ಕೆಡುವುದು ವಿಧಿ. ಎರಡನೇ ಹೆಂಡತಿ ಎಂದರೆ ಮಾಯೆ. ಡ್ರೈವರ್ ಕಾಲಪುರುಷ, ಯಾಕೆಂದರೆ ನಾವೆಲ್ಲ ಹಿಂದೆ ಕೂತಿರುತ್ತೇವೆ, ಓಡಿಸುವವನು ಅವನು! ಪತ್ತೇದಾರ ಎಂದರೆ ವಿಮರ್ಶಕ, ಎಲ್ಲ ಮುಗಿದ ಮೇಲೆ ಬಂದು ತಪ್ಪು ಹುಡುಕುವವನು. ಸದಸ್ಯರು ತಲೆದೂಗಿದರು.

"ಈ ಕೃತೀಲಿ ಕೊಲೆ ಬರುತ್ತೆ, ನಿಜ. ಆದ್ರೆ ಕಲೆ ಹುಟ್ಟಬೇಕಾದ್ರೆ ಕೊಲೆ ಆಗಲೇಬೇಕು! ಯಾರ ಕೊಲೆ? 'ನಾನು' ಅನ್ನೋದರ ಕೊಲೆ! ಹಾಗಾದ್ರೆ ಕಲೆಗಾರ ಯಾರು? ಅವನು ಎಲ್ಲೋ ಹೊರಗಿಲ್ಲ. ನಮ್ಮೆಲ್ಲರೊಳಗೂ ಇದ್ದಾನೆ!"

ಚಪ್ಪಾಳೆ! ಹೆಡ್‌ಮಾಸ್ಟರು ಮಂಡಿನೋವು ಮರೆತು ಮುಂದಕ್ಕೆ ಬಗ್ಗಿದರು. "ಭೇಷ್! ಇಂಥ ಓದು ಇರೋರೇ ನಮ್ಮ ಕಾರ್ಯದರ್ಶಿ ಆಗಬೇಕು," ಎಂದರು. ಸಾಹೇಬರ ಎದೆ ಉಬ್ಬಿ ಅಂಗಿಯ ಗುಂಡಿ ನರಳಿತು. ಅಷ್ಟರಲ್ಲಿ ಹೆಂಡತಿ ಟೀ ತಂದಳು.

"ಅಮ್ಮಾ, ನೀವೂ ಈ ಪುಸ್ತಕ ಓದಿದ್ದೀರಾ?" ಹೆಡ್‌ಮಾಸ್ಟರು ಕೇಳಿದರು.

"ಓದಿದ್ದೀನಿ ಸಾರ್."

"ಸಂತೋಷ! ಹಾಗಾದ್ರೆ ನೀವು ಹೇಳಿ, ನಿಮ್ಮ ಪ್ರಕಾರ ಕಲೆಗಾರ ಯಾರು?"

ಹೆಂಡತಿ ಟೀ ಟ್ರೇ ಮೇಜಿನ ಮೇಲಿಟ್ಟಳು. "ಅದರಲ್ಲಿ ನನ್ನ ಪ್ರಕಾರ ಏನ್ ಬಂತು ಸಾರ್? ಕೊನೇ ಅಧ್ಯಾಯದಲ್ಲಿ ಸ್ಪಷ್ಟವಾಗೇ ಇದೆಯಲ್ಲ. ಕಲೆಗಾರ ಬೇರೆ ಯಾರೂ ಅಲ್ಲ, ಆ..."

"ಹೇಳ್ಬೇಡ್ವೇ!!"

ಸಾಹೇಬರ ಕೂಗಿಗೆ ಟೀ ಲೋಟಗಳು ಅದುರಿದವು. ಅವರು ಎರಡು ಕಿವಿಗೂ ಬೆರಳು ಹಾಕಿಕೊಂಡು ಹಾಲ್ ನಡುವೆ ಕುಣಿಯುತ್ತಿದ್ದರು. "ಹೇಳ್ಬೇಡ, ದಮ್ಮಯ್ಯ! ಕೊನೇ ಅಧ್ಯಾಯ ನಾನಿನ್ನೂ ಓದಿಲ್ಲ!"

ಕ್ಯಾಷಿಯರಮ್ಮ ಕನ್ನಡಕ ಏರಿಸಿದರು. "ಹೇಳಿದ್ರೇನಂತೆ? ಕಲೆಗಾರ ನಮ್ಮೆಲ್ಲರೊಳಗೂ ಇದ್ದಾನೆ ಅಂದ್ರಲ್ಲ ಈಗ?"

"ನಮ್ಮೊಳಗೆ ಎಲ್ಲಿದ್ದಾನ್ರೀ! ಆ ನಾಲ್ಕು ಜನರಲ್ಲಿ ಒಬ್ಬ! ನನಗೆ ಡ್ರೈವರ್ ಮೇಲೇ ಗುಮಾನಿ. ಅವನ ಕೈಗವಸು ಯಾಕೆ ಒದ್ದೆಯಾಗಿತ್ತು? ಹಾಂ? ಮಳೆ ಬಂದೇ ಇರ್ಲಿಲ್ಲ!"

ಬಾಯಿಂದ ಹೊರಬಿದ್ದ ಮೇಲೆ ಸಾಹೇಬರಿಗೆ ತಾವೇನು ಹೇಳಿದೆವೆಂದು ಹೊಳೆಯಿತು. ಅವರ ಮನಸ್ಸಿನಲ್ಲಿ ಇಷ್ಟು ದಿನ ಕಿತ್ತು ಬಿಸಾಡಿದ ಒತ್ವಗಳೆಲ್ಲ ಒಟ್ಟಿಗೆ ಬಂದು ಮೈಮೇಲೆ ಬಿದ್ದವು. ಹೆಡ್‌ಮಾಸ್ಟರು ನಿಧಾನವಾಗಿ ಕೈಚಾಚಿ ಪುಸ್ತಕ ತೆಗೆದುಕೊಂಡು ಮೊದಲ ಪುಟ ಓದಿದರು. ಎರಡನೇ ಪುಟ ಓದಿದರು. ಮೂರನೇ ಪುಟ ಓದಿದರು.

"ಇದು ಪತ್ತೇದಾರಿ ಕಾದಂಬರಿ ಅಲ್ವೇನ್ರೀ?"

"ಹೌದು ಸಾರ್," ಎಂದಳು ಹೆಂಡತಿ. "ಬೈಂಡ್ ಮಾಡೋವಾಗ ಒಂದು ಒತ್ವ ಬಿದ್ದುಹೋಗಿದೆ."

ಹೆಡ್‌ಮಾಸ್ಟರು ಈಗ ಉಹೂಂ ಎನ್ನುತ್ತಾರೆಂದು ಎಲ್ಲರೂ ಕಾದರು. ಅವರಿಗೆ ಅದಕ್ಕೆ ಪುರಸೊತ್ತಿರಲಿಲ್ಲ. ನಾಲ್ಕನೇ ಪುಟಕ್ಕೆ ಹೋಗಿದ್ದರು! ಕಾರ್ಯದರ್ಶಿಯ ವಿಷಯ ಯಾರಿಗೂ ನೆನಪಾಗಲಿಲ್ಲ. ಕ್ಯಾಷಿಯರಮ್ಮ ಮೆಲ್ಲಗೆ ಬೆಡ್‌ಶೀಟಿನ ಅಂಚೆತ್ತಿ ಕಪಾಟಿನೊಳಗೆ ಇಣುಕಿ, "ಅಯ್ಯೋ, ಇದೆಲ್ಲ ಇದೆಯಾ ನಿಮ್ಹತ್ರ!" ಎಂದು ಚೀರಿದರು. ಐದು ನಿಮಿಷದಲ್ಲಿ ಬೆಡ್‌ಶೀಟು ನೆಲಕ್ಕೆ ಬಿದ್ದು ಓದುಗರ ಬಳಗವೆಲ್ಲ ಕಪಾಟನ್ನು ಮುತ್ತಿತು.

ಹೊರಡುವಾಗ ಹೆಡ್‌ಮಾಸ್ಟರು ಪುಸ್ತಕ ಬಿಡಲೇ ಇಲ್ಲ. "ಇದು ನನ್ನ ಹತ್ರ ಇರ್ಲಿ. ಓದಿ ನಾನೇ ಲೈಬ್ರರಿಗೆ ಕೊಡ್ತೀನಿ."

"ಸಾರ್, ಒಂದೇ ಒಂದು ಅಧ್ಯಾಯ ಬಾಕಿ!"

"ನಿಮಗೆ ಒಂದು ಬಾಕಿ, ನನಗೆ ಎಲ್ಲ ಬಾಕಿ ಕಣ್ರೀ!"

ಆ ತುದಿ ಹೆಡ್‌ಮಾಸ್ಟರು, ಈ ತುದಿ ಸಾಹೇಬರು. ವಯಸ್ಸಿಗೆ ಗೌರವ ಕೊಡಬೇಕೆಂದು ಸಾಹೇಬರು ಮೊದಲು ಮೆಲ್ಲಗೆ ಎಳೆದರು. ವಯಸ್ಸು ಜೋರಾಗಿ ಎಳೆಯಿತು. ಒತ್ವ ಬೀಳಿಸಿದವನ ಹೊಲಿಗೆ ಎಷ್ಟು ಗಟ್ಟಿಯಿದ್ದೀತು? ಪರ್ ಎಂದು ಬಿಟ್ಟುಕೊಂಡಿತು! ಹೆಡ್‌ಮಾಸ್ಟರ ಕೈಯಲ್ಲಿ ಪುಸ್ತಕದ ಬಹುಪಾಲು, ಸಾಹೇಬರ ಕೈಯಲ್ಲಿ ಕೊನೆಯ ಒಂದಷ್ಟು ಹಾಳೆ. ಹೆಡ್‌ಮಾಸ್ಟರು ಸಿಕ್ಕಿದ್ದನ್ನು ಅಪ್ಪಿಕೊಂಡು, ಮಂಡಿನೋವಿನವರು ಎಂದು ಯಾರೂ ನಂಬದ ವೇಗದಲ್ಲಿ ಮೆಟ್ಟಿಲಿಳಿದರು.

"ಹೋಗ್ಲಿ ಬಿಡು! ಕೊನೇ ಅಧ್ಯಾಯ ನನ್ನ ಕೈಲಿದೆ!" ಎಂದು ಸಾಹೇಬರು ವಿಜಯೋತ್ಸಾಹದಿಂದ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಂಡರು. ಹಾಳೆ ಬಿಡಿಸಿದರು. ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: "ಸೌಂದರ್ಯ ಎಂದರೇನು? ಒಂದು ತಾತ್ವಿಕ ಜಿಜ್ಞಾಸೆ."

ಬೈಂಡಿನವನು ಒತ್ವ ಬೀಳಿಸಿದ್ದಷ್ಟೇ ಅಲ್ಲ, ಕೊನೆಯ ಅಧ್ಯಾಯವನ್ನೂ ಬದಲಾಯಿಸಿದ್ದ! ಯಾವುದೋ ಘನ ಗ್ರಂಥದ ಬಾಲವನ್ನು ತಂದು ಕೊಲೆಗೆ ಹೊಲಿದುಬಿಟ್ಟಿದ್ದ. ಸಾಹೇಬರು ಆಸೆಯಿಂದ ಹಾಳೆ ಹಾಳೆ ಮಗುಚಿದರು. ಡ್ರೈವರಿಲ್ಲ, ವಕೀಲನಿಲ್ಲ, ಮೇಷ್ಟ್ರಿಲ್ಲ. ಎಲ್ಲೆಲ್ಲೂ ಸೌಂದರ್ಯ! ಬಚ್ಚಲಿನಿಂದ ಬಂದ ಆರ್ತನಾದಕ್ಕೆ ಹೆಂಡತಿ ಓಡಿಬಂದಳು.

"ಏನಾಯ್ತ್ರೀ?"

"ಕೊಂದಿದ್ದು ಯಾರೇ? ಹೇಳೇ!"

"ಅದಿರ್ಲಿ, ಗುಜರಿಯವನು ಬಂದು ಬಾಗಿಲಲ್ಲಿ ನಿಂತಿದ್ದಾನೆ. ಏನು ಹೇಳ್ಲಿ?"

ಚಿಲಕ ತೆಗೆದ ಸದ್ದಾಯಿತು. ಸಾಹೇಬರ ತಲೆ ಮಾತ್ರ ಹೊರಗೆ ಬಂತು. "ಈ ಮನೇಲಿ ಕೊಡೋಕೆ ಒಂದು ಕಾಗದದ ಚೂರೂ ಇಲ್ಲ ಅಂತ ಹೇಳು," ಎಂದರು. ಎಂದೂ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದವರಲ್ಲ. "ತಪ್ಪಾಯ್ತು. ಆ ಕಪಾಟು ಅಲ್ಲೇ ಇರ್ಲಿ. ಈಗಾದ್ರೂ ಹೇಳು, ಡ್ರೈವರ್ ತಾನೇ?"

ಹೆಂಡತಿಯ ಮುಖ ಅರಳಿತು. ಗುಜರಿಯವನನ್ನು ಕಳಿಸಿ ನೇರ ಅತ್ತೆಯ ಕೋಣೆಗೆ ಹೋದಳು. ಗೋಡೆ ಕಡೆ ಮುಖಮಾಡಿದ್ದ ಮುದುಕಿ ಹೆಜ್ಜೆ ಸದ್ದಿಗೇ ಎದ್ದು ಕೂತಳು. ಸಾಹೇಬರೂ ಹಿಂದೆಯೇ ಬಂದರು.

"ಅತ್ತೆ, ಪುಸ್ತಕ ಇಲ್ದೆ ಇದ್ರೂ ಕಥೆ ನನಗೆ ಬಾಯಿಪಾಠ. ದಿನಕ್ಕೊಂದು ಅಧ್ಯಾಯ ಹೇಳ್ತೀನಿ."

"ದಿನಕ್ಕೊಂದಾ!" ಸಾಹೇಬರು ಒದ್ದಾಡಿದರು. "ಅಷ್ಟೆಲ್ಲ ನನಗೆ ಗೊತ್ತು ಕಣೇ, ಕೊನೇದು ಮಾತ್ರ ಹೇಳು!"

"ನನಗೆ ಗೊತ್ತಿಲ್ವಲ್ಲ," ಎಂದಳು ತಾಯಿ. "ಮೊದಲಿಂದ ಹೇಳ್ಲಿ. ಕೇಳೋದಾದ್ರೆ ಬಾಯಿ ಮುಚ್ಕೊಂಡು ಕೂತ್ಕೋ. ಇಲ್ದಿದ್ರೆ ಹೊರಗೆ ಹೋಗು."

ಸಾಹೇಬರು ಚಕ್ಕಂಬಕ್ಕಲ ಹಾಕಿ ನೆಲದ ಮೇಲೆ ಕೂತರು. ಹೆಂಡತಿ ಅತ್ತೆಯ ಕೈ ಹಿಡಿದುಕೊಂಡು ದನಿ ತಗ್ಗಿಸಿ ಶುರುಮಾಡಿದಳು. "ಒಂಬತ್ತನೇ ಮಹಡಿ. ಸ್ನಾನದ ತೊಟ್ಟೀಲಿ ಒಬ್ಬ ಸಾಹುಕಾರನ ಹೆಣ ತೇಲ್ತಾ ಇತ್ತು..."

"ಇಲ್ಲಿ ತೊಟ್ಟಿ ಅಂದ್ರೆ ಏನಪ್ಪಾ ಅಂದ್ರೆ..." ಸಾಹೇಬರ ಬಾಯಿ ತಡೆಯದೆ ತೆರೆದುಕೊಂಡಿತು.

ತಾಯಿ ಕೋಲೆತ್ತಿ ನೆಲಕ್ಕೆ ಕುಟ್ಟಿದಳು. "ಲೋ! ತೊಟ್ಟಿ ಅಂದ್ರೆ ತೊಟ್ಟಿ. ನೀರು ಅಂದ್ರೆ ನೀರು. ಅವನು ಸತ್ತಿದ್ದಾನೆ, ಅಷ್ಟೇ. ಏನಾಗಿದ್ದಾನೆ?"

ತೂಕದ ಸಾಹೇಬರು ತಲೆ ತಗ್ಗಿಸಿದರು.

"ಸತ್ತಿದ್ದಾನಮ್ಮ."